ಮೂರು ಮಡಿಕೆಯ ಕಾಗದ

ಫೆಬ್ರವರಿ 3

ಮೊಂಡಿಗೆ,

ನೀನು ಕಳಿಸಿದ ಕೋಟು ನಿನ್ನೆ ತಲುಪಿತು. ಅದರೊಳಗೆ ನಾನಲ್ಲದೆ ನಿಮ್ಮಪ್ಪನೂ, ಬೇಕಾದರೆ ಪಕ್ಕದ ಮನೆಯವರೂ ಹಿಡಿಸುತ್ತಾರೆ. ಜೇಬಿನಲ್ಲಿ ಒಂದು ಚೀಟಿ ಬೇರೆ: "ಅಮ್ಮಾ, ಇಲ್ಲಿಗೆ ಬರೋವಾಗ ಇದನ್ನೇ ಹಾಕ್ಕೊಂಡು ಬಾ. ಗುಂಡಿ ಎಲ್ಲಾ ಹಾಕ್ಕೋ." ಅಜ್ಜಿಗೆ ಅರಿವೆ ಚಿಂತೆ ಎಂಬ ಗಾದೆ ಕೇಳಿದ್ದೆ. ನಮ್ಮ ಮನೆಯಲ್ಲಿ ಅಜ್ಜಿಯಾಗುವವಳ ಅರಿವೆಯ ಚಿಂತೆ ಮಗಳಿಗೆ ಹತ್ತಿದೆ.

ಕಳೆದ ಭಾನುವಾರ ನಿಮ್ಮ ಮನೆಯ ಊಟದ ಮೇಜಿನಲ್ಲಿ ನಿಮ್ಮತ್ತೆ ನನ್ನನ್ನು ನೋಡಿ, "ಏನ್ರೀ, ಸ್ವಲ್ಪ ದಪ್ಪ ಆಗಿದ್ದೀರಲ್ಲ" ಎಂದರು. ನಾನು ಬಾಯಿ ತೆರೆಯುವ ಮೊದಲೇ ನೀನು, "ಅಮ್ಮಂಗೆ ಹೊಟ್ಟೇಲಿ ಗಡ್ಡೆ ಆಗಿದೆ ಅತ್ತೆ, ಔಷಧಿ ತಗೋತಿದ್ದಾಳೆ" ಎಂದೆ. ಪಾಪ, ಅವರು ಎದ್ದು ಬಂದು ನನ್ನ ಬೆನ್ನು ಸವರಿದರು. ಗಡ್ಡೆ ಕರಗಿಸುವ ಯಾರೋ ಡಾಕ್ಟರ ವಿಳಾಸ ಬರೆದುಕೊಟ್ಟರು. ಒಳಗಿಂದ ಗಡ್ಡೆ ಒದೆಯುತ್ತಿತ್ತು. ಬಿಳಿಚಿಕೊಂಡ ನಿನ್ನ ಮುಖ ನೋಡಿ ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಅಂದರೆ ಒಪ್ಪಿದೆ ಅಂತಲ್ಲ.

ನನಗೆ ವಯಸ್ಸು ನಲವತ್ತನಾಲ್ಕು, ಬಸುರು ಐದು ತಿಂಗಳು. ನಿನಗೆ ಇಪ್ಪತ್ತು, ನಾಲ್ಕು ತಿಂಗಳು. ತಾಯಿ ಮಗಳು ಒಟ್ಟಿಗೆ ಬಸುರಾದರೆಂದು ನಗುವವರು ನಗಲಿ, ಅವರ ಹಲ್ಲು ಎಣಿಸುವ ಕೆಲಸ ನಮ್ಮದಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಬೆಳೆಯುವ ಹೊಟ್ಟೆ ಕೋಟಿನಡಿಯಲ್ಲಿ ಎಷ್ಟು ದಿನ ಕೂರುತ್ತದೆ? ಒಳಗಿರುವುದು ನಿನ್ನ ತಮ್ಮ ಅಥವಾ ತಂಗಿ. ಅದನ್ನು ಗಡ್ಡೆ ಎಂದು ಕರೆಯಲು ನಾನು ಬಿಡುವುದಿಲ್ಲ.

ನಿಮ್ಮತ್ತೆಗೆ ಇವತ್ತೇ ಒಂದು ಕಾರ್ಡು ಹಾಕಿದ್ದೇನೆ: "ನಿಮ್ಮ ಕಾಳಜಿಗೆ ಉಪಕಾರ. ಗಡ್ಡೆ ಜೂನ್ ತಿಂಗಳಲ್ಲಿ ಹೊರಗೆ ಬರುತ್ತದೆ. ಹೆಸರು ಇನ್ನೂ ಇಟ್ಟಿಲ್ಲ."

ಈ ಕಾಗದಕ್ಕೆ ಮೂರು ಮಡಿಕೆ ಹಾಕಿದ್ದೇನೆ, ನೋಡಿದ ಕೂಡಲೇ ಗೊತ್ತಾಗಿರುತ್ತದೆ. ನೀನು ಶಾಲೆಗೆ ಹೋಗುವಾಗ, ಬೆಳಗಿನ ಪಾಳಿಗೆ ಹೊರಡುವ ಮುಂಚೆ ನಾನು ಗಡಿಯಾರದ ಕೆಳಗೆ ಚೀಟಿ ಇಡುತ್ತಿದ್ದೆನಲ್ಲ. ಒಂದು ಮಡಿಕೆ ಎಂದರೆ 'ಈಗಲೇ ಓದು'. ಮೂರು ಮಡಿಕೆ ಎಂದರೆ ಬೈಗುಳ, ತಿಂಡಿ ತಿಂದು ನಿಧಾನವಾಗಿ ಓದಬಹುದು. ಆ ಕಾನೂನು ಇವತ್ತಿಗೂ ಚಾಲ್ತಿಯಲ್ಲಿದೆ.

ಕೋಟಿಗೆ ಬೇರೆ ಏನಾದರೂ ಕೆಲಸ ಹುಡುಕುತ್ತೇನೆ.

ನಾಚಿಕೆಯಿಲ್ಲದ
ಅಮ್ಮ


ಫೆಬ್ರವರಿ 16

ಅಮ್ಮಾ,

ಊರಲ್ಲಿ ಲಕೋಟೆಗೆ ಬರ ಬಂದಿತ್ತೇ? ಕಾರ್ಡಿನಲ್ಲಿ ಬರೆದೆಯಲ್ಲ! ಅಂಚೆಯವನು ಓದಿದ. ಕೆಳಗಿನ ಮನೆಯ ಇಸ್ತ್ರಿಯವನು ಓದಿದ. ಅತ್ತೆ ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಈಗ ನಮ್ಮ ಬೈಂಡಿಂಗ್ ಅಂಗಡಿಯ ಹೆಂಗಸರು, "ನಿಮ್ಮಮ್ಮಂದು ಮೊದಲೋ ನಿಂದು ಮೊದಲೋ" ಎಂದು ಕೇಳಿ ಕೇಳಿ ನಗುತ್ತಾರೆ. ನಾನು ಪುಸ್ತಕದ ಬೆನ್ನಿಗೆ ಹೊಲಿಗೆ ಹಾಕುತ್ತಾ ತಲೆ ಎತ್ತದೆ ಕೂತಿರುತ್ತೇನೆ. ಮೊನ್ನೆ ಒಂದು ಪುಸ್ತಕಕ್ಕೆ ಹಾಳೆಗಳನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ.

ಅತ್ತೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಈ ವಯಸ್ಸಲ್ಲಿ ಹೆತ್ತ ಕೂಸು ಗಾಳಿ ಬೀಸಿದ್ರೂ ಕೆಮ್ಮುತ್ತೆ ಕಣೇ. ರಕ್ತದಲ್ಲಿ ಕಸುವು ಎಲ್ಲಿರುತ್ತೆ? ನಿನ್ನ ಬಾಣಂತನ ಅವರು ಮಾಡೋದಿರಲಿ, ಅವರದ್ದೇ ನೀನು ಮಾಡ್ಬೇಕಾಗುತ್ತೆ" ಎಂದು ಮೂಗು ಮುರಿದರು.

ನಿಜ ಹೇಳಲೇ? ನಗುವವರ ಮೇಲೆ ನನಗೆ ಅಷ್ಟೇನೂ ಕೋಪವಿಲ್ಲ. ಇಪ್ಪತ್ತು ವರ್ಷ ನೀನು ನನಗೊಬ್ಬಳಿಗೇ ಅಮ್ಮನಾಗಿದ್ದೆ. ನನಗೀಗ ಹೆರಿಗೆಯ ಭಯ. ಸ್ನಾನ ಮಾಡುವಾಗ ಒಬ್ಬಳೇ ಅಳುತ್ತೇನೆ. ಸರಿಯಾಗಿ ಈಗಲೇ ನೀನು ಮಡಿಲು ತುಂಬಿಸಿಕೊಂಡು ಕೂತೆ. ನಾನು ಎಲ್ಲಿ ತಲೆ ಇಡಲಿ?

ನಿನ್ನ ಮೊದಲನೆಯ
ಗಡ್ಡೆ


ಮಾರ್ಚ್ 7

ಮೊಂಡಿಗೆ,

ರಕ್ತದಲ್ಲಿ ಕಸುವಿಲ್ಲ ಎಂದರೇ ನಿಮ್ಮತ್ತೆ? ಇಪ್ಪತ್ತು ವರ್ಷದಿಂದ ರಕ್ತದ ಮುಂದೆಯೇ ಕೂತವಳಿಗೆ ಈ ಮಾತೇ? ಮೂರು ಮಡಿಕೆಯ ಕಾಗದ ಇದು, ಅವರಿಗೂ ಓದಿ ಹೇಳು.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಕೇಳಲಿಲ್ಲ. "ಅಮ್ಮ ರಕ್ತದ ಆಫೀಸಲ್ಲಿದ್ದಾಳೆ" ಎಂದು ಗೆಳತಿಯರಿಗೆ ಹೇಳಿ ಮುಗಿಸುತ್ತಿದ್ದೆ. ಈ ವರ್ಷ ನಮ್ಮ ಪ್ರಯೋಗಾಲಯಕ್ಕೆ ಊರೂರಿನ ಹೆರಿಗೆ ಆಸ್ಪತ್ರೆಗಳಿಂದ ಬಸುರಿಯರ ರಕ್ತ ಬರುತ್ತಿದೆ. ಕಿರುಬೆರಳಿನಷ್ಟು ನಳಿಕೆ, ಅದರ ಮೇಲೆ ಒಂದು ನಂಬರು, ಒಂದು ವಯಸ್ಸು. ಹೆಸರು ಇರುವುದಿಲ್ಲ, ಇರಲೂಬಾರದು.

ಒಂದು ಬಗೆಯ ಬ್ಯಾಕ್ಟೀರಿಯಾ ಇದೆ. ಎಷ್ಟೋ ಹೆಂಗಸರ ಮೈಯಲ್ಲಿ ತನ್ನ ಪಾಡಿಗೆ ತಾನು ಇರುತ್ತದೆ, ಅವರಿಗೆ ಇದೆ ಎಂದೇ ಗೊತ್ತಾಗುವುದಿಲ್ಲ. ಹೆರಿಗೆಯ ಹೊತ್ತಿಗೆ ಅದು ಕೂಸಿಗೆ ದಾಟಿ, ಅಪರೂಪಕ್ಕೆ ಕೂಸಿನ ರಕ್ತಕ್ಕೆ ಇಳಿದರೆ ಒಂದೇ ದಿನದಲ್ಲಿ ಕೂಸನ್ನು ಕೊಲ್ಲಬಲ್ಲದು. ಆಗ ತಾನೇ ಹುಟ್ಟಿದ ಜೀವಕ್ಕೆ ಸ್ವಂತ ಕಾವಲು ಎಲ್ಲಿಂದ ಬರಬೇಕು? ತಾಯಿಯ ರಕ್ತದಿಂದ ಎರವಲು ಬಂದದ್ದೇ ಕಾವಲು. ಅದು ಯಾರಲ್ಲಿ ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ತೊಂಬತ್ತಾರು ಗುಳಿಗಳಿರುವ ಅಂಗೈಯಗಲದ ತಟ್ಟೆ. ಒಂದೊಂದು ಗುಳಿಗೂ ಒಬ್ಬೊಬ್ಬಳ ರಕ್ತದ ತಿಳಿ ಒಂದು ಹನಿ. ಆಮೇಲೆ ತೊಳೆಯುವುದು, ಕಾಯುವುದು, ಮತ್ತೆ ತೊಳೆಯುವುದು. ಕೊನೆಗೆ ಬಣ್ಣ ಬರುತ್ತದೆ. ಹಳದಿ ಗಾಢವಾದಷ್ಟೂ ಕಾವಲು ಹೆಚ್ಚು. ನೀರಿನಂತೆ ಇದ್ದರೆ ಕಾವಲಿಲ್ಲ.

ಈಗ ಕೇಳು. ಹದಿನೆಂಟು, ಇಪ್ಪತ್ತು ಎಂದು ಬರೆದ ನಳಿಕೆಗಳಲ್ಲಿ ಪೇಲವವೇ ಹೆಚ್ಚು. ಮೂವತ್ತೈದು ದಾಟಿದವರದು ಹಳದಿ! ಎಲ್ಲರದೂ ಅಲ್ಲ, ಆದರೆ ಕಣ್ಣಿಗೆ ಹೊಡೆಯುವಷ್ಟು ಜನರದು. ನಮ್ಮ ಮುಖ್ಯಸ್ಥೆ ದೊಡ್ಡ ಮೇಡಂ ಹೇಳುತ್ತಾರೆ, "ವಯಸ್ಸಾದ ಮೈ ಇಂಥವನ್ನೆಲ್ಲ ಜಾಸ್ತಿ ಸಲ ಕಂಡಿರುತ್ತೆ, ನೆನಪಿಟ್ಕೊಂಡಿರುತ್ತೆ ಅಂತ ಊಹೆ. ಊಹೆ ಅಷ್ಟೇ, ಊರಿಗೆಲ್ಲ ಸಾರಬೇಡ." ನಾನು ಸಾರುತ್ತಿದ್ದೇನೆ. ಮೊನ್ನೆ ಬಣ್ಣ ಸರಿಯಾಗಿ ಬರುತ್ತಿದೆಯೇ ನೋಡಲು ಮೂಲೆಯ ಗುಳಿಗೆ ನನ್ನ ರಕ್ತವನ್ನೇ ಹಾಕಿದೆ. ಇಡೀ ತಟ್ಟೆಯಲ್ಲಿ ಅಷ್ಟು ಗಾಢ ಹಳದಿ ಇನ್ನೊಂದಿರಲಿಲ್ಲ. ನಿಮ್ಮಪ್ಪನಿಗೆ ಹೇಳಿದೆ. "ಹಾಗಾದ್ರೆ ಇವತ್ತು ಪಾತ್ರೆ ನೀನೇ ತೊಳಿ" ಎಂದರು.

ನನ್ನ ವಯಸ್ಸಿಗೆ ಏನೇನು ಅಪಾಯವಿದೆ ಎಂದು ಡಾಕ್ಟರು ಉದ್ದ ಪಟ್ಟಿ ಓದಿದರು. ಎಲ್ಲವೂ ನಿಜವೇ, ಕೇಳಿಸಿಕೊಂಡೆ, ಭಯವೂ ಆಯಿತು. ಆದರೆ ಆ ಪಟ್ಟಿಯಲ್ಲಿ ನನ್ನ ಪರವಾಗಿ ಒಂದು ಸಾಲೂ ಇರಲಿಲ್ಲ. ಈಗ ಒಂದು ಸಾಲು ಸಿಕ್ಕಿದೆ. ಅದನ್ನು ಯಾರೂ ಅಳಿಸುವಂತಿಲ್ಲ.

ಗಾಢ ಹಳದಿಯ
ಅಮ್ಮ


ಏಪ್ರಿಲ್ 4

ಅಮ್ಮಾ,

ಮನಸ್ಸು ಬಿಚ್ಚಿ ನಾನು ಒಂದೇ ಒಂದು ಮಾತು ಬರೆದಿದ್ದೆ, ಎಲ್ಲಿ ತಲೆ ಇಡಲಿ ಎಂದು. ಇಷ್ಟುದ್ದ ಬರೆದ ನೀನು ಅದಕ್ಕೆ ಮಾತ್ರ ಉತ್ತರ ಬರೆಯಲಿಲ್ಲ. ನಿನ್ನ ರಕ್ತ ಹಳದಿ, ನಿನ್ನ ಕೂಸು ಕ್ಷೇಮ, ಸಂತೋಷ. ಹೆತ್ತವರಿಗೆ ಹೆಗ್ಗಣ ಮುದ್ದು.

ನಮ್ಮ ಆಸ್ಪತ್ರೆಯಲ್ಲೂ ನಿಮ್ಮ ಆಫೀಸಿನ ಹೆಸರು ಹೇಳಿ ರಕ್ತ ತೆಗೆದುಕೊಂಡರು. ಕೈಗೊಂದು ಚೀಟಿ ಕೊಟ್ಟರು, ಮುನ್ನೂರ ಹದಿನೇಳು. ನಿನ್ನ ಕೈಗೆ ಬಂದರೆ ನಾನು ಕೇಳಿದೆ ಎಂದು ಹೇಳು. ನನ್ನ ರಕ್ತವಾದರೂ ನಿನ್ನ ಮುಂದೆ ಸ್ವಲ್ಪ ಹೊತ್ತು ಕೂತಿರಲಿ.

ದಿನವೆಲ್ಲ ಕಾಗದ ಮಡಿಸಿ ಹೊಟ್ಟೆ ಹೊರೆಯುವವಳು ನಾನು. ಲಕೋಟೆ ಒಡೆದು ಅಂಚು ಮುಟ್ಟಿದರೆ ಸಾಕು, ಎಷ್ಟು ಮಡಿಕೆ ಎಂದು ಬೆರಳಿಗೆ ತಿಳಿಯುತ್ತದೆ. ಇನ್ನು ಮೇಲೆ ಮೂರು ಮಡಿಕೆಯದು ಬಂದರೆ ಬಿಚ್ಚದೆ ಅಂಗಡಿಯ ಡ್ರಾಯರಿಗೆ ಹಾಕುತ್ತೇನೆ. ಹೆರಿಗೆ ಆಗುವವರೆಗೆ ಬೈಗುಳಕ್ಕೆ ರಜೆ. ನಿನಗೊಂದು ಕಾನೂನಾದರೆ ನನಗೂ ಒಂದು.

ಇಂತಿ,
ಮುನ್ನೂರ ಹದಿನೇಳು


ಮೇ 28

ನನ್ನ ಕಂದಾ,

ನೀನು ಬರೆದ ಆ ಮಾತಿಗೆ ಉತ್ತರ ಇರಲಿಲ್ಲವೆಂದಲ್ಲ. ಬರೆಯಲು ಕೂತಾಗಲೆಲ್ಲ ಪೆನ್ನು ಬೇರೆ ಕಡೆ ಓಡಿತು. ಬಡಾಯಿ ಬರೆಯುವುದು ಸುಲಭ. ನಿನ್ನ ಜಾಗವನ್ನು ನಾನು ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಹೊಸದಾಗಿ ಬರುವವರು ತಮ್ಮ ಜಾಗವನ್ನು ತಾವೇ ಹೊತ್ತು ತರುತ್ತಾರೆ. ಇದನ್ನು ಫೆಬ್ರವರಿಯಲ್ಲೇ ಬರೆಯಬೇಕಿತ್ತು.

ಇವತ್ತು ಬೆಳಿಗ್ಗೆ ಮುನ್ನೂರ ಹದಿನೇಳು ನನ್ನ ತಟ್ಟೆಗೆ ಬಂತು. ನಂಬರು ನೋಡಿದಾಗ ನಗು ಬಂತು, "ಬಾಮ್ಮ, ಕೂತ್ಕೋ" ಎಂದೆ. ಮೂರು ಗಂಟೆ ಕಾದ ಮೇಲೆ ಬಣ್ಣ ಬಂತು. ಸುತ್ತಲಿನ ಗುಳಿಗಳಿಗೆಲ್ಲ ಒಂದಿಷ್ಟಾದರೂ ಹಳದಿ ಹತ್ತಿತ್ತು, ನಿನ್ನದು ನೀರು. ನನ್ನ ಕೈ ತಪ್ಪಿರಬೇಕೆಂದು ಮತ್ತೊಮ್ಮೆ ಮೊದಲಿನಿಂದ ಮಾಡಿದೆ. ಮತ್ತೆ ನೀರೇ. ಚಿಕ್ಕವರದು ಪೇಲವ ಎಂದು ಮಾರ್ಚಿನಲ್ಲಿ ಕುಣಿದಿದ್ದೆನಲ್ಲ, ಆ ಚಿಕ್ಕವರಲ್ಲಿ ನೀನೂ ಒಬ್ಬಳು ಎಂದು ಈ ಮಂದಬುದ್ಧಿಗೆ ಹೊಳೆದಿರಲಿಲ್ಲ.

ಇದನ್ನು ನಿನಗೆ ಹೇಳುವ ಹಕ್ಕು ನನಗಿಲ್ಲ. ನಂಬರಿಗೆ ಹೆಸರು ಹಚ್ಚಬಾರದು ಎನ್ನುವುದು ಇಲ್ಲಿಯ ಮೊದಲ ಪಾಠ, ಹೊಸಬರಿಗೆ ಅದನ್ನು ಕಲಿಸುವವಳೇ ನಾನು. ಬಚ್ಚಿಟ್ಟುಕೊಂಡು ಮಾಡುವುದು ಬೇಡವೆಂದು ನೇರ ದೊಡ್ಡ ಮೇಡಂ ಕೋಣೆಗೆ ಹೋಗಿ ಹೇಳಿದೆ, "ಅದು ನನ್ನ ಮಗಳದು. ನಾನು ಬರೆದು ತಿಳಿಸ್ತೀನಿ. ಏನು ಮಾಡ್ತೀರೋ ಮಾಡಿ." ಬೈದರು. ನಾಳೆಯಿಂದ ನನಗೆ ತಟ್ಟೆಯ ಕೆಲಸವಿಲ್ಲ, ಗಾಜು ತೊಳೆಯುವ ಕೋಣೆ. ನಿನ್ನ ರಕ್ತವನ್ನೂ ಅಧ್ಯಯನದಿಂದ ತೆಗೆದುಹಾಕಿದರು. ಆಮೇಲೆ ಕುರ್ಚಿ ಎಳೆದು ಕೂರಿಸಿ ಹೇಳಿದರು, "ಕಾವಲು ಎಷ್ಟಿದ್ರೆ ಸಾಕು ಅಂತ ನಮಗೇ ಇನ್ನೂ ಗೊತ್ತಿಲ್ಲ. ಆ ಬ್ಯಾಕ್ಟೀರಿಯಾ ಅವಳ ಮೈಯಲ್ಲಿ ಇಲ್ಲದೇ ಹೋದ್ರೆ ಈ ನೀರಿನ ಬಣ್ಣಕ್ಕೆ ಅರ್ಥವೇ ಇಲ್ಲ. ಇದೆಯಾ ಅಂತ ನೋಡಿಸ್ಕೊಳ್ಳೋಕೆ ಹೇಳು. ಅದನ್ನ ಯಾವ ಬಸುರಿ ಬೇಕಾದ್ರೂ ಕೇಳಬಹುದು."

ಆದ್ದರಿಂದ ಕೇಳು. ಮೂವತ್ತಾರನೆಯ ವಾರ ತುಂಬಿದ ಮೇಲೆ ಆಸ್ಪತ್ರೆಗೆ ಹೋಗಿ ಆ ಪರೀಕ್ಷೆ ಮಾಡಿ ಎನ್ನು. ಹತ್ತಿ ಸುತ್ತಿದ ಕಡ್ಡಿಯಿಂದ ಒಂದು ನಿಮಿಷದ ಕೆಲಸ, ನೋವಿಲ್ಲ. ಇದೆ ಎಂದು ಬಂದರೆ ಹೆರಿಗೆ ನೋವು ಶುರುವಾದ ಕೂಡಲೇ ಕೈಯ ನರಕ್ಕೆ ಔಷಧಿ ಹನಿಸುತ್ತಾರೆ. ಇಲ್ಲ ಎಂದು ಬಂದರೂ ಮೊದಲ ಎರಡು ದಿನ ಕೂಸಿನ ಮೇಲಿಂದ ಕಣ್ಣು ತೆಗೆಯಬೇಡ. ನನ್ನ ಮೇಲಿನ ಸಿಟ್ಟು ಎಷ್ಟು ಬೇಕೋ ಅಷ್ಟು ಇಟ್ಟುಕೋ, ಇದೊಂದು ಮಾಡು.

ಪ್ರಯೋಗಾಲಯದಲ್ಲೇ ಕೂತು ಬರೆಯುತ್ತಿದ್ದೇನೆ. ಆಫೀಸಿನ ಉದ್ದ ಲಕೋಟೆಯಲ್ಲೇ ಹಾಕಿ ನಾಲ್ಕು ಗಂಟೆಯ ಅಂಚೆಗೆ ಓಡುತ್ತೇನೆ. ಈ ಹೊಟ್ಟೆ ಹೊತ್ತು ಎಷ್ಟು ಓಡಬಹುದೋ ಅಷ್ಟು. ಓದಿದೆ ಎಂದು ಒಂದು ಸಾಲು ಬರಿ.

ಅಮ್ಮ


ಜುಲೈ 1

ಮಗಳೇ,

ನಾನು ಕಾಗದ ಬರೆದವನಲ್ಲ. ನಿಮ್ಮಮ್ಮನೇ ಬರೆಯುತ್ತಿರುವಾಗ ಅದರ ಅಗತ್ಯವೂ ಬೀಳಲಿಲ್ಲ, ಸರದಿಯೂ ಸಿಗಲಿಲ್ಲ.

ನಿನಗೆ ತಂಗಿ ಹುಟ್ಟಿದ್ದಾಳೆ. ಜೂನ್ 18, ಬೆಳಿಗ್ಗೆ. ಇಬ್ಬರೂ ಚೆನ್ನಾಗಿದ್ದಾರೆ. ಕೂಸು ಅತ್ತರೆ ನಾನು ಓಡಿಸುವ ಬಸ್ಸಿನ ಹಾರ್ನ್ ಸಪ್ಪೆ.

ನಿಮ್ಮಮ್ಮ ಮೇ 28ಕ್ಕೆ ನಿನಗೊಂದು ಕಾಗದ ಹಾಕಿದ್ದಳು. ದಿನಾ ಅಂಚೆಯವನ ದಾರಿ ಕಾದಳು. ಹೆರಿಗೆ ಕೋಣೆಯಿಂದ ಹೊರಗೆ ತಂದಾಗ ಕೇಳಿದ್ದೂ "ಕಾಗದ ಬಂತಾ" ಅಂತಲೇ. ಇನ್ನೊಂದು ಬರೆದು ಹಾಕು ಎಂದರೆ, "ಓದಿಯೂ ಸುಮ್ನಿದ್ದಾಳೆ, ಎಷ್ಟು ಸಲ ಅಂತ ಬೇಡಲಿ" ಎಂದು ಹಲ್ಲು ಕಚ್ಚಿದಳು. ಮೊಂಡಿಯನ್ನು ಹೆತ್ತವಳು ತಾನೆ. ನಿಮ್ಮ ಜಗಳದ ಕಾಗದಗಳನ್ನೆಲ್ಲ ಅವಳು ನನಗೆ ಓದಿ ಹೇಳುತ್ತಾಳೆ, ನಿನ್ನ ಕಾನೂನೂ ಗೊತ್ತು. ನಿನ್ನೆ ಅವಳನ್ನು ಕೇಳಿದೆ, "ಹೇಗೆ ಮಡಿಸಿದ್ದೆ?"

"ಇನ್ನು ಹೇಗೆ? ಆಫೀಸಿನ ಲಕೋಟೆಗೆ ಮೂರು ಮಡಿಕೆ ಹಾಕಿದ್ರೇನೆ ಹಿಡಿಸೋದು, ಇಪ್ಪತ್ತು ವರ್ಷದಿಂದ ಕೈ ತಾನೇ..." ಎನ್ನುತ್ತಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಅತ್ತಳು. ನಿಮ್ಮಮ್ಮ ಅಳುವುದನ್ನು ನಾನು ನೋಡಿದ್ದು ಅದು ಎರಡನೆಯ ಸಲ.

ಬಾಣಂತಿಯನ್ನು ಬಿಟ್ಟು ನಾನು ಬರುವಂತಿಲ್ಲ. ಎರಡೂ ಮನೆಯಲ್ಲಿ ಫೋನಿಲ್ಲ, ಅಂಚೆಯ ಮೇಲೂ ನಂಬಿಕೆ ಇಲ್ಲ. ನಿಮ್ಮೂರ ಬಸ್ಸು ಓಡಿಸುವ ಹಾರ್ನ್ ಮಾಮನ ಕೈಗೆ ಇದನ್ನು ಕೊಟ್ಟಿದ್ದೇನೆ. ನೀನು ಡ್ರಾಯರಿನಿಂದ ಆ ಕಾಗದ ತೆಗೆದು ಓದಿದ್ದನ್ನು ಕಣ್ಣಾರೆ ನೋಡದೆ ಬಸ್ಸು ಬಿಡುವುದಿಲ್ಲ ಎಂದು ಒಪ್ಪಿದ್ದಾನೆ. ಬಸ್ಸಿನಲ್ಲಿ ಐವತ್ತು ಜನ ಇರುತ್ತಾರೆ. ಬೇಗ ಓದು.

ಒಂದೇ ಮಡಿಕೆ ಹಾಕಿದ್ದೇನೆ.

ಅಪ್ಪ


ಜುಲೈ 5

ಅಮ್ಮಾ,

ಓದಿದೆ. ನೀನು ಕೇಳಿದ ಒಂದು ಸಾಲು ಇದು, ಐದು ವಾರ ತಡವಾಗಿ.

ಎರಡನೆಯ ತಾರೀಖು ಮಧ್ಯಾಹ್ನ ಅಂಗಡಿಯ ಎದುರು ಬಸ್ಸು ನಿಂತು ಹಾರ್ನ್ ಹೊಡೆಯುತ್ತಲೇ ಇತ್ತು. ಕೆಂಪು ದೀಪವಿಲ್ಲ, ನಿಲ್ದಾಣವಿಲ್ಲ. ಹಾರ್ನ್ ಮಾಮ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಮನೆಯಲ್ಲಿ ನನ್ನನ್ನು ಕರೆಯುವ ಹೆಸರು ಹಿಡಿದು ಕೂಗಿದರು, "ಮೊಂಡೀ! ಬಾ ಇಲ್ಲಿ!" ಅಪ್ಪನ ಕಾಗದ ಓದಿ ನಾನು ಡ್ರಾಯರ್ ಎಳೆದೆ. ಮೇಲೆ ಅಂಟಿನ ಡಬ್ಬ, ದಾರದ ಉಂಡೆ, ಕೆಳಗೆ ನಿನ್ನ ಉದ್ದ ಲಕೋಟೆ. ಒಡೆದು, ಮಡಿಕೆ ನೋಡಿ, ಹಾಗೇ ತುರುಕಿದ್ದೆ. ಫುಟ್‌ಪಾತಿನ ಮೇಲೆ ನಿಂತು ಬಿಚ್ಚಿದೆ. ಬಸ್ಸಿನವರು, "ಓದಮ್ಮಾ ಬೇಗ, ಡ್ಯೂಟಿಗೆ ಹೊತ್ತಾಯ್ತು" ಎಂದು ಗದರುತ್ತಿದ್ದರು. 'ಸುತ್ತಲಿನ ಗುಳಿಗಳಿಗೆಲ್ಲ' ಎನ್ನುವಲ್ಲಿಗೆ ಬಂದಾಗ ನಾನು ಅಲ್ಲೇ ಕೂತುಬಿಟ್ಟೆ. ಒಬ್ಬ ಮುದುಕಿ ಕಿಟಕಿಯಿಂದ ನೀರಿನ ಬಾಟಲಿ ಚಾಚಿ, "ಕುಡಿ ಮಗಾ, ನಿಧಾನಕ್ಕೆ ಓದು, ನಾವೆಲ್ಲೂ ಹೋಗಲ್ಲ" ಎಂದಳು.

ಅಲ್ಲಿಂದ ನೇರ ಆಸ್ಪತ್ರೆಗೆ. ಹಿರಿಯ ನರ್ಸು ನನ್ನ ಚೀಟಿ ನೋಡಿ, "ಇಪ್ಪತ್ತು ವರ್ಷ! ಕಲ್ಲು ತಿಂದ್ರೂ ಅರಗಿಸ್ಕೊಳ್ಳೋ ವಯಸ್ಸು. ಅದೆಲ್ಲ ನಿಮ್ಮಮ್ಮನ ವಯಸ್ಸಿನೋರಿಗೆ" ಎಂದಳು. ಅಮ್ಮಾ, ನನಗೆ ಎಲ್ಲಿಂದ ಬಂತೋ ಆ ಸಿಟ್ಟು. "ನಮ್ಮಮ್ಮನ ವಯಸ್ಸಿನೋರ ಕೂಸು ಚೆನ್ನಾಗಿದೆ, ನನ್ನದನ್ನ ನೋಡಿ" ಎಂದೆ. ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯಿಂದ ಒಂದು ಕಟ್ಟು ಹಾಳೆ ತಂದು, ಅವಳ ಬಾಗಿಲ ಎದುರು ನೆಲದ ಮೇಲೆ ಕೂತು ಮಡಿಸತೊಡಗಿದೆ. "ಪರೀಕ್ಷೆ ಮಾಡೋವರೆಗೂ ಇಲ್ಲೇ ಇರ್ತೀನಿ. ಬೇಕಾದ್ರೆ ಇಲ್ಲೇ ಹೆರ್ತೀನಿ" ಎಂದೆ. ಅತ್ತೆ ಬಂದರು, "ಏಳೇ, ಮರ್ಯಾದೆ ಹೋಗುತ್ತೆ" ಎಂದರು. "ಫೆಬ್ರವರಿಲೇ ಹೋಗಿದೆ ಅತ್ತೆ" ಎಂದೆ. ಇನ್ನೂರು ಹಾಳೆ ಮುಗಿಯುವಷ್ಟರಲ್ಲಿ ಡಾಕ್ಟರು ಬಂದು ಕಡ್ಡಿ ತರಿಸಿದರು.

ಇವತ್ತು ಫಲಿತಾಂಶ ಬಂತು. ಇದೆ.

ನನಗೆ ಭಯವಾಗುತ್ತಿದೆ.

ನಿನ್ನ
ಮೊಂಡಿ


ಜುಲೈ 7

ಕಂದಾ,

ಹಾರ್ನ್ ಮಾಮನ ಕೈಯಲ್ಲೇ ಇದೂ ಬರುತ್ತದೆ.

ಭಯಪಡು, ಆದರೆ ಕೂತಲ್ಲೇ ಭಯಪಡಬೇಡ. ನೋವು ಸಣ್ಣಗೆ ಕಂಡರೂ ಆಸ್ಪತ್ರೆಗೆ ಓಡು. ಔಷಧಿ ಮೈಗೆ ಹತ್ತಲು ನಾಲ್ಕು ಗಂಟೆಯಾದರೂ ಬೇಕು. ಕೂಸು ಹಾಲು ಚೀಪುವುದು ಬಿಟ್ಟರೆ, ಉಸಿರಿನ ಜೊತೆ ನರಳಿದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಎಬ್ಬಿಸಿದರೂ ಏಳದಿದ್ದರೆ, ಕೂಗು. ಯಾರಾದರೂ "ಕೂಸುಗಳು ಮಲಗೋದೇ ಹಾಗೆ" ಎಂದರೆ ಇನ್ನೂ ಜೋರಾಗಿ ಕೂಗು. ನಾನು ನಿನಗೆ ಕಲಿಸಿದ್ದರಲ್ಲಿ ಉಪಯೋಗಕ್ಕೆ ಬರುವುದು ಇದೊಂದೇ ಇರಬಹುದು.

ನನ್ನ ಬಣ್ಣ ಗೆದ್ದಿತು, ನಿನ್ನದು ಸೋತಿತು ಎಂದು ಒಂದು ಕ್ಷಣವೂ ತಿಳಿಯಬೇಡ. ಸಾಧ್ಯವಿದ್ದರೆ ನನ್ನ ರಕ್ತವನ್ನೇ ಬಸ್ಸಿನಲ್ಲಿ ಕಳಿಸುತ್ತಿದ್ದೆ.

ಒಂದೇ ಮಡಿಕೆ. ಎರಡು ಸಲ ನೋಡಿಕೊಂಡೆ.

ಅಮ್ಮ


ಜುಲೈ 17

ಅಮ್ಮಾ,

ಮಗ. ಹನ್ನೆರಡನೆಯ ತಾರೀಖು, ಮಧ್ಯಾಹ್ನ. ಈ ಕಾಗದವನ್ನು ಪೂರ್ತಿ ಓದು, ಕೊನೆ ಚೆನ್ನಾಗಿದೆ.

ನಾಲ್ಕು ಗಂಟೆ ಎಲ್ಲಿಂದ ತರಲಿ? ನೋವು ಶುರುವಾಗಿ ಎರಡೇ ಗಂಟೆಯಲ್ಲಿ ಹುಟ್ಟಿಬಿಟ್ಟ, ನಿನ್ನ ಹಾಗೇ ಆತುರ. ಔಷಧಿ ಅರ್ಧವೂ ಇಳಿದಿರಲಿಲ್ಲ. ಮರುದಿನ ಬೆಳಿಗ್ಗೆಯವರೆಗೆ ಚೆನ್ನಾಗಿದ್ದ. ಹತ್ತು ಗಂಟೆಗೆ ಮೊಲೆ ಬಾಯಿಗಿಟ್ಟರೆ ತುಟಿ ಮುಚ್ಚಿಕೊಂಡ. ಉಸಿರು ಬಿಡುವಾಗೊಮ್ಮೆ ಸಣ್ಣ ಸದ್ದು, ನಮ್ಮ ಅಂಗಡಿಯ ಹಳೆಯ ಒತ್ತುಯಂತ್ರದ ಹಾಗೆ. ಅದೇ ನರ್ಸು ಬಂದು ನೋಡಿ, "ಮಲಗಿದೆ, ಮಲಗೋಕೆ ಬಿಡಿ" ಎಂದಳು. ಅತ್ತೆಯೂ, "ಇಪ್ಪತ್ತರ ಹುಡುಗಿಯ ಕೂಸು, ಏನೂ ಆಗಲ್ಲ ಬಿಡು" ಎಂದರು.

ನಾನು ಕೂಗಿದೆ. ಆ ಕೂಗಿಗೆ ಎರಡು ವಾರ್ಡಿನ ಕೂಸುಗಳು ಎದ್ದವು. ನಿನ್ನ ಅಳಿಯ ಕೆಲಸದ ಅಚ್ಚುಕೂಟದಿಂದ ಮಸಿ ಕೈಯಲ್ಲೇ ಓಡಿ ಬಂದರು. ಡಾಕ್ಟರು ಬಂದು ಎದೆ ನೋಡಿದವರೇ ಅವನನ್ನು ಎತ್ತಿಕೊಂಡು ನಡೆದರು. ಅಷ್ಟು ಸಣ್ಣ ಕೈಗೆ ಸೂಜಿ ಚುಚ್ಚಿದರು. ಮೂರು ದಿನ ಗಾಜಿನ ಆಚೆಯಿಂದ ನೋಡಿದೆ. ಸತ್ತುಹೋಗುತ್ತಾನೆ ಎಂದೇ ತಿಳಿದೆ. ಹಾಗೆ ತಿಳಿದೂ ಅಲ್ಲಿಂದ ಕದಲಲಿಲ್ಲ. ಕಡ್ಡಿಯಲ್ಲಿ ಕಂಡದ್ದೇ ಅವನ ರಕ್ತದಲ್ಲೂ ಇತ್ತಂತೆ. "ಸಂಜೆವರೆಗೂ ಬಿಟ್ಟಿದ್ರೆ ನಮ್ಮ ಕೈಲಿ ಇರ್ತಿರಲಿಲ್ಲ" ಎಂದರು ಡಾಕ್ಟರು. ನಿನ್ನೆ ಹಾಲು ಕುಡಿದ. ಇವತ್ತು ನನ್ನ ಬೆರಳು ಹಿಡಿದು ಬಿಡಲೊಲ್ಲ. ಇನ್ನೂ ಆರು ದಿನ ಔಷಧಿ ಇದೆ, ಆದರೆ ಗಂಡಾಂತರ ಕಳೆಯಿತು.

ನರ್ಸು ಬಂದು ನನ್ನ ಪಕ್ಕ ಕೂತಳು. ನೀರು ತಂದುಕೊಟ್ಟಳು. ಈಗ ಬರುವ ಬಸುರಿಯರಿಗೆಲ್ಲ ವಯಸ್ಸು ಕೇಳದೆ ಆ ಪರೀಕ್ಷೆ ಬರೆಯುತ್ತಿದ್ದಾಳೆ. ಅತ್ತೆ ಎರಡು ದಿನ ನನ್ನ ಮುಖ ನೋಡಲಿಲ್ಲ. ಇವತ್ತು ತಲೆ ಬಾಚುತ್ತಾ, "ನಿಮ್ಮಮ್ಮ ಯಾವಾಗ ಬರ್ತಾರೆ? ಆ ಗಡ್ಡೇನೂ ಕರ್ಕೊಂಡು ಬರೋಕೆ ಹೇಳು, ನೋಡ್ಬೇಕು" ಎಂದರು. ನಗುತ್ತಿದ್ದರೋ ಅಳುತ್ತಿದ್ದರೋ, ಬೆನ್ನ ಹಿಂದೆ ಇದ್ದರು, ಕಾಣಲಿಲ್ಲ.

ಬಾ ಅಮ್ಮಾ. ನನ್ನ ತಂಗಿಯನ್ನು ಎತ್ತಿಕೊಂಡು, ಮುಂದಿನ ಬಾಗಿಲಿನಿಂದಲೇ ಬಾ. ಬೀದಿಯಲ್ಲಿ ಯಾರು ಕೇಳಿದರೂ ನಲವತ್ತನಾಲ್ಕು ಎಂದು ಹೇಳು. ಕೇಳದಿದ್ದರೂ ಹೇಳು. ಕೋಟು ಮಾತ್ರ ಹಾಕಿಕೊಳ್ಳಬೇಡ.

ನಿನ್ನ
ಮೊಂಡಿ


ಜುಲೈ 19

ಮೊಂಡಿಗೆ,

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ನಿಮ್ಮಪ್ಪನೇ ಓಡಿಸುತ್ತಾರೆ, ಹಾರ್ನ್ ಮಾಮ ಪಾಳಿ ಬಿಟ್ಟುಕೊಟ್ಟಿದ್ದಾನೆ. ಬಸ್ಸಿಗಿಂತ ಮುಂಚೆ ತಲುಪಲಿ ಎಂದು ಈ ಚೀಟಿಯನ್ನು ಇವತ್ತೇ ಅವನ ಕೈಗೆ ಕೊಡುತ್ತಿದ್ದೇನೆ. ಗಾಜು ತೊಳೆಯುವ ಕೋಣೆಯಿಂದ ಇನ್ನೂ ಎರಡು ತಿಂಗಳು ರಜೆ ಇದೆ, ಅಷ್ಟೂ ದಿನ ನಿನ್ನ ಮನೆಯಲ್ಲೇ. ನನ್ನ ಬಾಣಂತನ ನೀನೇ ಮಾಡಬೇಕಾಗುತ್ತದೆ ಎಂದು ನಿಮ್ಮತ್ತೆ ಮೂಗು ಮುರಿದಿದ್ದರಲ್ಲ, ಈಗ ಇಬ್ಬರದೂ ಅವರೇ ಮಾಡಲಿ.

ಕೋಟು ಎಲ್ಲಿದೆ ಹಾಕಿಕೊಳ್ಳಲು? ಮೇ ತಿಂಗಳಲ್ಲೇ ಕತ್ತರಿಸಿ ಎರಡು ಹೊದಿಕೆ ಹೊಲಿದೆ. ಒಂದನ್ನು ನಿನ್ನ ತಂಗಿ ಆಗಲೇ ಹತ್ತು ಸಲ ಒದ್ದೆ ಮಾಡಿದ್ದಾಳೆ. ಇನ್ನೊಂದು ನನ್ನ ಚೀಲದಲ್ಲಿದೆ, ಒಂದೇ ಮಡಿಕೆ.

ಅಮ್ಮ